ಗಾಜು ಒಡೆಯುವ ಬಗೆ

ಕೋಲಾರದಿಂದ ಮುಳಬಾಗಿಲಿನ ಕಡೆಗೆ ಸಾಗುವ ಹೆದ್ದಾರಿಯಲ್ಲಿ, ಮಾಲೂರು ತಾಲ್ಲೂಕಿನ ಟೇಕಲ್ ಸುತ್ತಿನ ಕಲ್ಲುಗಣಿಗಳ ದಾರಿಯಲ್ಲಿ, ಸುಗ್ಗಿಯ ದಿನಗಳಲ್ಲಿ ಶ್ರೀನಿವಾಸಪುರದ ಮಾವಿನ ಮಂಡಿಗಳ ಮುಂದೆ ಹಳೆಯ ವ್ಯಾನುಗಳು ಇಂದಿಗೂ ದುಡಿಯುತ್ತಿವೆ. 1984ರಲ್ಲಿ ಮಾರುತಿ ವ್ಯಾನ್ ಎಂದು ರಸ್ತೆಗಿಳಿದು, ಮುಂದೆ ಓಮ್ನಿ ಎಂಬ ಹೆಸರು ತಳೆದು, 2019ರಲ್ಲಿ ತಯಾರಿಕೆ ನಿಂತ ವಾಹನವೂ ಅವುಗಳಲ್ಲೊಂದು. ಹಳೆಯ ವ್ಯಾನುಗಳ ಪಕ್ಕದಲ್ಲಿ ಮೇಲೇರದ, ಕೆಳಗಿಳಿಯದ, ರಬ್ಬರಿನ ಅಂಚಿನಲ್ಲಿ ಅಲುಗದೆ ಕುಳಿತ ಗಾಜುಗಳಿರುತ್ತವೆ. ಟಿಪ್ಪರಿನ ಚಕ್ರದಿಂದ ಸಿಡಿದ ಜಲ್ಲಿಯೋ, ಒಳಗೆ ಜಾರಿದ ಕ್ರೇಟಿನ ಮೂಲೆಯೋ ತಗುಲಿ ಅಂಥದೊಂದು ಗಾಜು ಒಡೆದರೆ ಅದನ್ನು ಹೇಗೆ ಬದಲಿಸಬೇಕು? ಪ್ರಶ್ನೆ ಸಣ್ಣದೆಂದು ತೋರಬಹುದು. ಅದರ ಹಿಂದೆ ಜೀವದ ಮಾತಿದೆ.

ಮೊದಲು ಹೊಳೆಯುವುದು ಸುಲಭದ ದಾರಿ. ಫೋಟೋಗಳಿಗೆ ಕಟ್ಟು ಹಾಕುವ, ಮನೆಯ ಕಿಟಕಿಗೆ ಗಾಜು ಕೊಯ್ದುಕೊಡುವ ಅಂಗಡಿಗಳು ನಮ್ಮ ತಾಲ್ಲೂಕು ಕೇಂದ್ರಗಳಲ್ಲೆಲ್ಲ ಇವೆ. ರಟ್ಟಿನಲ್ಲಿ ಅಳತೆ ಕತ್ತರಿಸಿ ಒಯ್ದರೆ ಗಂಟೆಯೊಳಗೆ ಗಾಜು ಕೈಸೇರುತ್ತದೆ, ಖರ್ಚೂ ಕಡಿಮೆ. ಹೊರನೋಟಕ್ಕೆ ಅದಕ್ಕೂ ಮೊದಲಿದ್ದ ಗಾಜಿಗೂ ಭೇದವೇ ಕಾಣದು. ಭೇದ ತಿಳಿಯುವುದು ಎರಡನೆಯ ಸಲ ಒಡೆದಾಗ.

ಕಿಟಕಿಯ ಗಾಜು ಒಡೆದರೆ ಕತ್ತಿಯಂಥ ಉದ್ದನೆಯ ಚೂರುಗಳಾಗುತ್ತದೆ. ವಾಹನದ ಪಕ್ಕದ ಗಾಜು ಸಾಮಾನ್ಯವಾಗಿ ಹದಗೊಳಿಸಿದ ಗಾಜು, ಜನ ಬಳಸುವ ಮಾತಿನಲ್ಲಿ ಟಫನ್ಡ್ ಗ್ಲಾಸ್. ಅದನ್ನು 600 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯಿಸಿ, ಗಾಳಿಯ ಧಾರೆಗಳಿಂದ ತಟ್ಟನೆ ತಣಿಸುತ್ತಾರೆ. ಹೊರಮೈ ಮೊದಲು ಗಟ್ಟಿಯಾಗುತ್ತದೆ. ಆಮೇಲೆ ತಣಿಯುವ ಒಳಭಾಗ ಕುಗ್ಗುತ್ತ ಹೊರಮೈಯನ್ನು ಬಿಗಿಯಾಗಿ ಹಿಡಿಯುತ್ತದೆ. ಈ ಬಿಗಿತವೇ ಅದರ ಬಲ. ಒಂದೆಡೆ ಅದು ಸಡಿಲಿದರೂ ಇಡೀ ಗಾಜು ಏಕಕಾಲಕ್ಕೆ ಮೊಂಡು ಅಂಚಿನ ಸಣ್ಣ ಹರಳುಗಳಾಗಿ ಉದುರುತ್ತದೆ. ಪಕ್ಕದಲ್ಲಿ ಕುಳಿತ ಮಗುವಿಗೆ ತರಚಿದ ಗಾಯವಾಗಬಹುದು. ಕಿಟಕಿಯ ಗಾಜಿನ ಚೂರಿನಂತೆ ಅದು ಕುತ್ತಿಗೆಗೆ ಇರಿಯುವುದು ಅಪರೂಪ.

ಹೀಗೆ ಹದಗೊಂಡ ಗಾಜನ್ನು ಮತ್ತೆ ಕತ್ತರಿಸುವಂತಿಲ್ಲ. ಮಾಲೂರಿನ ಹೆಂಚು, ಇಟ್ಟಿಗೆಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆಕಾರವೇನಿದ್ದರೂ ಹಸಿಮಣ್ಣಿನಲ್ಲೇ ಆಗಬೇಕು. ಗೂಡಿನಿಂದ ಹೊರಬಂದ ಹೆಂಚನ್ನು ತಿದ್ದಲಾಗದು. ಗಾಜನ್ನೂ ಮೊದಲು ಕತ್ತರಿಸಿ, ಬಾಗಿಸಬೇಕಾದರೆ ಬಾಗಿಸಿ, ಅನಂತರವೇ ಹದಗೊಳಿಸುತ್ತಾರೆ. ಆದಕಾರಣ ತಯಾರಿಕೆ ನಿಂತ ವಾಹನಕ್ಕೆ ಉಳಿಯುವ ದಾರಿಗಳು ಮೂರು: ಬಿಡಿಭಾಗಗಳ ಅಂಗಡಿಯಲ್ಲಿ ಅದೇ ಮಾದರಿಯ ಗಾಜನ್ನು ಹುಡುಕುವುದು, ಗುಜರಿ ಸೇರಿದ ಅಂಥದೇ ವಾಹನದಿಂದ ಬಿಡಿಸಿ ತರುವುದು, ಅಚ್ಚು ಕೊಟ್ಟು ಹೊಸದಾಗಿ ಮಾಡಿಸುವುದು. ಗಾಜು ಸಪಾಟಾಗಿದ್ದರೆ, ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ ಪದರ ಬೆಸೆದ ಸುರಕ್ಷಾ ಗಾಜನ್ನು ಅಳತೆಗೆ ಕತ್ತರಿಸಿ ಕೂರಿಸಲೂಬಹುದು. ಫ್ರಾನ್ಸಿನ ಎದುವಾರ್ ಬೆನೆದಿಕ್ತೂಸ್ 1909ರಲ್ಲಿ ಹಕ್ಕುಪತ್ರ ಪಡೆದದ್ದು ಈ ಬಗೆಯ ಗಾಜಿಗೆ. ಒಡೆದರೂ ಚೂರುಗಳು ಪದರಕ್ಕೆ ಅಂಟಿಕೊಂಡೇ ಇರುತ್ತವೆ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 100ನೆಯದು ವಾಹನದ ಕಿಟಕಿಗಳಿಗೂ ಸುರಕ್ಷಾ ಗಾಜು ಇಲ್ಲವೇ ಸುರಕ್ಷಾ ಗ್ಲೇಜಿಂಗ್ ಇರಬೇಕೆಂದು ವಿಧಿಸುತ್ತದೆ. ಕೊಳ್ಳುವಾಗ ಗಾಜಿನ ಮೂಲೆಯ ಮುದ್ರೆಯನ್ನು ಓದುವುದು ಒಳ್ಳೆಯದು. ಗುಜರಿಯ ಗಾಜಾದರೆ ಅಂಚಿನಲ್ಲಿ ಚಕ್ಕೆ ಎದ್ದಿದೆಯೇ ಎಂದು ಬೆರಳಾಡಿಸದೆ ಕಣ್ಣಿನಿಂದಲೇ ಪರೀಕ್ಷಿಸಬೇಕು. ಈ ಗಾಜಿನ ಮರ್ಮಸ್ಥಾನ ಅದರ ಅಂಚು.

ಇನ್ನು ಕೂರಿಸುವ ಕೆಲಸ. ಕೈಗವಸು ತೊಟ್ಟು ಹರಳುಗಳನ್ನೆಲ್ಲ ತೆಗೆಯಬೇಕು. ಸೀಟಿನ ಸಂದಿಯಲ್ಲಿ ಅಡಗಿದವನ್ನು ಮರೆಯಬಾರದು. ಹಳೆಯ ಬೀಡಿಂಗ್ ರಬ್ಬರನ್ನು ಬಿಚ್ಚಿದಾಗ ಅದರಡಿಯಲ್ಲಿ ತುಕ್ಕು ಕಂಡರೆ ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಬಣ್ಣ ಹಚ್ಚಿ ಒಣಗಿಸಬೇಕು. ತುಕ್ಕಿನ ಮೇಲೆಯೇ ಗಾಜು ಕೂರಿಸಿದರೆ ಮುಂದಿನ ಮಳೆಗೆ ನೀರು ಒಳಗಿಳಿಯುತ್ತದೆ. ಗಟ್ಟಿಯಾಗಿ ಬಿರಿದ ರಬ್ಬರಿಗೆ ಬದಲು ಹೊಸದನ್ನು ತರುವುದೇ ಲೇಸು. ಮೊದಲು ರಬ್ಬರನ್ನು ಗಾಜಿಗೆ ತೊಡಿಸಿ, ತಗಡಿನ ಅಂಚು ಹೊಗಬೇಕಾದ ಗಾಡಿಯಲ್ಲಿ ಸುತ್ತಲೂ ಗಟ್ಟಿದಾರ ಇಟ್ಟು, ಅದರ ಎರಡು ತುದಿಗಳನ್ನು ಒಳಕ್ಕೆ ಇಳಿಬಿಡುತ್ತಾರೆ. ಸೋಪಿನ ನೀರು ಸವರಿ, ಹೊರಗಿನಿಂದ ಒಬ್ಬರು ಅಂಗೈಯಿಂದ ಒತ್ತಿ ಹಿಡಿಯುತ್ತಾರೆ. ಒಳಗಿನವರು ದಾರವನ್ನು ಮೆಲ್ಲನೆ ಎಳೆದಂತೆ ರಬ್ಬರಿನ ತುಟಿ ತಗಡಿನ ಮೇಲೆ ಮಗುಚಿ ಕೂರುತ್ತದೆ. ಇಬ್ಬರ ಹೊಂದಾಣಿಕೆಯ ಕೆಲಸವಿದು; ಬಲಕ್ಕಿಂತ ತಾಳ್ಮೆ ಮುಖ್ಯ. ಕೊನೆಗೆ ನೀರು ಸುರಿದು ನೋಡಿದರೆ ಕೆಲಸ ಮುಗಿಯಿತು.

ಸರಿಯಾದ ಗಾಜು ಸಿಗಲು ನಾಲ್ಕು ದಿನ ತಡವಾದೀತು. ಅಷ್ಟು ದಿನ ದಪ್ಪ ಪ್ಲಾಸ್ಟಿಕ್ ಹಾಳೆ ಅಂಟಿಸಿಕೊಂಡರೆ ವಾಹನದ ಅಂದ ಕೆಡಬಹುದು, ಅದರಿಂದ ಯಾರಿಗೂ ಗಾಯವಾಗದು. ಗಾಜು ಎಂದೂ ಒಡೆಯಬಾರದೆಂದು ಬಯಸುವುದು ಸಹಜ. ಆದರೆ ರಸ್ತೆ ನಮ್ಮ ಬಯಕೆಯನ್ನು ಕೇಳಿ ನಡೆಯುವುದಿಲ್ಲ. ಒಡೆದರೂ ಒಳಗಿದ್ದವರನ್ನು ಇರಿಯದ ಗಾಜನ್ನು ಆರಿಸುವುದಷ್ಟೇ ನಮ್ಮ ಕೈಯಲ್ಲಿದೆ. ಅಗ್ಗದ ಗಾಜಿನ ನಿಜವಾದ ಬೆಲೆಯನ್ನು ಆ ಕಿಟಕಿಯ ಪಕ್ಕದಲ್ಲಿ ಕುಳಿತವರು ತೆರುವಂತಾಗಬಾರದು.