ಬಿರುಗಾಳಿಗೆ ಮೊದಲು ಹಟ್ಟಿಯ ಕಡೆ ಒಂದು ನೋಟ

(ಕರಾವಳಿಯ ಹಾಲು ಉತ್ಪಾದಕರ ಸಹಕಾರ ಸಂಘವೊಂದರ ಸದಸ್ಯರ ಸಭೆಯಲ್ಲಿ ಪಶುವೈದ್ಯಾಧಿಕಾರಿಯೊಬ್ಬರು ಮಾಡಿದ ಭಾಷಣ)



ಹಾಲಿನ ಗುಣಮಟ್ಟ, ಕರುಗಳ ಪಾಲನೆ, ಹಸಿರು ಮೇವು ಇವುಗಳ ಬಗ್ಗೆ ನಾವು ಸಭೆಗಳಲ್ಲಿ ಬಹಳ ಮಾತನಾಡಿದ್ದೇವೆ. ಇಂದು ಚಂಡಮಾರುತದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

“ಅದು ಆಂಧ್ರ, ಒಡಿಶಾದವರ ಕಷ್ಟ, ನಮಗೇನು?” ಎಂದು ಕೆಲವರಿಗೆ ಅನ್ನಿಸಬಹುದು. ಬಂಗಾಳಕೊಲ್ಲಿಯಲ್ಲಿ ಚಂಡಮಾರುತಗಳು ಹೆಚ್ಚು ಎಂಬುದು ನಿಜ. 1977ರ ನವೆಂಬರ್ 19ರಂದು ಆಂಧ್ರದ ದಿವಿಸೀಮೆಯಲ್ಲಿ, 1999ರ ಅಕ್ಟೋಬರ್ 29ರಂದು ಒಡಿಶಾದಲ್ಲಿ ಸಾವಿರಾರು ಜನರು ಪ್ರಾಣ ಕಳೆದುಕೊಂಡರು. ಜಾನುವಾರುಗಳ ಸಾವು ಲಕ್ಷದ ಲೆಕ್ಕದಲ್ಲಿತ್ತು. ಆದರೆ ಅರಬ್ಬಿ ಸಮುದ್ರವೂ ಸುಮ್ಮನೆ ಕುಳಿತಿಲ್ಲ. 2021ರ ಮೇ ತಿಂಗಳಿನಲ್ಲಿ ಬಂದ ತೌಕ್ತೆ ಚಂಡಮಾರುತವನ್ನು ನೀವೆಲ್ಲ ಕಂಡಿದ್ದೀರಿ. ಅದು ನಮ್ಮ ನೆಲವನ್ನು ಮುಟ್ಟಲೇ ಇಲ್ಲ. ಸಮುದ್ರದಲ್ಲೇ ಉತ್ತರಕ್ಕೆ ಸಾಗಿ ಮೇ 17ರ ರಾತ್ರಿ ಗುಜರಾತಿನ ತೀರವನ್ನು ಅಪ್ಪಳಿಸಿತು. ಆದರೂ ದಾರಿಯಲ್ಲಿ ಹೋಗುವಾಗಲೇ ಉಡುಪಿ ಜಿಲ್ಲೆಯ ನಾಡ ಎಂಬಲ್ಲಿ ಒಂದೇ ದಿನ 385 ಮಿಲಿಮೀಟರ್ ಮಳೆ ಸುರಿಯಿತು.

385 ಮಿಲಿಮೀಟರ್ ಎಂದರೆ ಎಷ್ಟು? ಒಂದು ಸೆಂಟ್ಸ್ ಜಾಗದ ಮೇಲೆ ಸುಮಾರು ಹದಿನೈದೂವರೆ ಸಾವಿರ ಲೀಟರ್ ನೀರು. ನಮ್ಮ 40 ಲೀಟರಿನ ಹಾಲಿನ ಕ್ಯಾನಿನ ಲೆಕ್ಕದಲ್ಲಿ ಹೇಳುವುದಾದರೆ, ಸೆಂಟ್ಸಿಗೆ 390 ಕ್ಯಾನು! ಇಷ್ಟು ನೀರು ತೋಡಿಗೆ, ಹೊಳೆಗೆ ಇಳಿಯಬೇಕು. ಆದರೆ ಅದೇ ಹೊತ್ತಿಗೆ ಗಾಳಿಯ ಹೊಡೆತಕ್ಕೆ ಸಮುದ್ರ ಉಕ್ಕುತ್ತಿರುತ್ತದೆ. ಅಳಿವೆಯಲ್ಲಿ ಹೊಳೆಯ ನೀರು ಹೊರಗೆ ಹೋಗಲಾರದೆ ಹಿಂದಕ್ಕೆ ಒತ್ತುತ್ತದೆ. ಭರತದ ಸಮಯವಾದರೆ ಇನ್ನೂ ಹೆಚ್ಚು. ಆದ್ದರಿಂದ “ಎಷ್ಟು ಮಳೆ ಬಂದರೂ ನಮ್ಮ ಹಟ್ಟಿಗೆ ನೀರು ಬಂದದ್ದಿಲ್ಲ” ಎಂಬ ಹಳೆಯ ಲೆಕ್ಕವನ್ನು ನಂಬಿ ಕೂರಬಾರದು.

ಗಾಳಿಯ ವಿಷಯವೂ ಹಾಗೆಯೇ. ಗಂಟೆಗೆ 62 ಕಿಲೋಮೀಟರ್ ವೇಗ ಮುಟ್ಟಿದರೆ ಹವಾಮಾನ ಇಲಾಖೆ ಅದನ್ನು ಚಂಡಮಾರುತ ಎನ್ನುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಮಾಡಿನ ಶೀಟನ್ನು ಗಾಳಿ ಮೇಲಿನಿಂದ ಒತ್ತುವುದಕ್ಕಿಂತ ಕೆಳಗಿನಿಂದ ಎತ್ತುವುದೇ ಹೆಚ್ಚು. ಇನ್ನೊಂದು ಮಾತು: ಬಿರುಗಾಳಿ ನಮ್ಮ ತೀರದ ಪಕ್ಕದಲ್ಲಿ ಉತ್ತರಕ್ಕೆ ಸಾಗುವಾಗ ಗಾಳಿ ಮೊದಲು ಆಗ್ನೇಯದಿಂದ, ಆಮೇಲೆ ದಕ್ಷಿಣದಿಂದ, ಕೊನೆಗೆ ಕಡಲ ಕಡೆಯಿಂದ ಬೀಸುತ್ತದೆ. ಬೆಳಿಗ್ಗೆ ಮರೆಯಾಗಿದ್ದ ಮಗ್ಗುಲು ಸಂಜೆ ಗಾಳಿಗೆ ಎದುರಾಗುತ್ತದೆ.

ಹಲವು ವರ್ಷಗಳ ಹಿಂದೆ ನಾನು ಕಂಡದ್ದನ್ನು ಇಲ್ಲಿ ಹೇಳಲೇಬೇಕು. ಹೊಳೆ ಬದಿಯ ಒಂದು ಮನೆಯವರು ಸಂಜೆ ನೀರು ಏರುವುದನ್ನು ಕಂಡು ನೆಂಟರ ಮನೆಗೆ ಹೋದರು. ಬೆಳಿಗ್ಗೆ ಬಂದು ಹಾಲು ಕರೆದರಾಯಿತು ಎಂದುಕೊಂಡಿದ್ದರು. ರಾತ್ರಿ ಹಟ್ಟಿಯಲ್ಲಿ ಎದೆಮಟ್ಟ ನೀರು. ನನ್ನನ್ನು ಕರೆಸಿದಾಗ ಎರಡು ಹಸುಗಳೂ ಗೂಟದಲ್ಲೇ ಸತ್ತು ಬಿದ್ದಿದ್ದವು. ಎಳೆದೆಳೆದು ಕೊರಳಿನ ಹಗ್ಗ ಚರ್ಮದೊಳಗೆ ಇಳಿದಿತ್ತು. ಅದೇ ಹಟ್ಟಿಯ ಕಟ್ಟದೆ ಬಿಟ್ಟಿದ್ದ ಕಡಸು ಮಾತ್ರ ಮೇಲಿನ ಗುಡ್ಡದಲ್ಲಿ ಮೇಯುತ್ತಿತ್ತು. ಆ ಮನೆಯ ಅಮ್ಮ ನನ್ನೊಡನೆ ಹೇಳಿದ್ದು ಒಂದೇ ಮಾತು: “ಡಾಕ್ಟ್ರೇ, ಹಗ್ಗ ಬಿಚ್ಚಲು ಎಷ್ಟು ಹೊತ್ತು ಬೇಕಿತ್ತು?” ಬಂಧುಗಳೇ, ದನಗಳಿಗೆ ಈಜಲು ಬರುತ್ತದೆ. ಎತ್ತರದ ಜಾಗ ಹುಡುಕಲೂ ಬರುತ್ತದೆ. ಕಟ್ಟಿದ ಗಂಟನ್ನು ಬಿಚ್ಚಲು ಮಾತ್ರ ಬರುವುದಿಲ್ಲ. ಅದು ನಮ್ಮ ಕೆಲಸ.

ಹಾಗಾದರೆ ಏನು ಮಾಡಬೇಕು?

ಮೊದಲನೆಯದು, ಸೂಚನೆಯನ್ನು ಕೇಳುವುದು. ಹವಾಮಾನ ಇಲಾಖೆ ಚಂಡಮಾರುತದ ಬಗ್ಗೆ ಹಂತ ಹಂತವಾಗಿ, ಮೂರು ದಿನ ಮೊದಲು, ಎರಡು ದಿನ ಮೊದಲು, ಒಂದು ದಿನ ಮೊದಲು ತಿಳಿಸುತ್ತದೆ. ಈ ಮೂರು ದಿನಗಳೇ ನಮ್ಮ ಬಂಡವಾಳ. ನಮ್ಮ ಕಡೆ ಮೇ, ಜೂನ್ ಮತ್ತು ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಹೆಚ್ಚು ಎಚ್ಚರ ಬೇಕು.

ಎರಡನೆಯದು, ಹಟ್ಟಿ. ಮಾಡಿನ ಶೀಟುಗಳನ್ನು ಪಕ್ಕಾಸಿಗೆ ತಂತಿಯಿಂದ ಬಿಗಿಯಿರಿ. ಹಟ್ಟಿಯ ಮೇಲೆ ಬಾಗಿದ ತೆಂಗಿನ ಒಣ ಮಡಲು, ಕಾಯಿ, ಒಣ ಕೊಂಬೆಗಳನ್ನು ತೆಗೆಸಿ. ಮಾಡು ದುರ್ಬಲವಾಗಿದ್ದರೆ ದನಗಳನ್ನು ಮರ, ವಿದ್ಯುತ್ ಕಂಬಗಳಿಂದ ದೂರದ ಎತ್ತರದ ಬಯಲಿಗೆ ಹೊಡೆಯಿರಿ. ಎಲ್ಲಿಗೆ ಹೊಡೆಯುವುದೆಂದು ಇಂದೇ ನೆರೆಕರೆಯವರೊಡನೆ ಮಾತನಾಡಿ ನಿಶ್ಚಯಿಸಿ. ಸಾಗಿಸಲು ಸಮಯವೇ ಇಲ್ಲವಾದರೆ ಹಗ್ಗ ಬಿಚ್ಚಿ, ಬಾಗಿಲು ತೆರೆದಿಡಿ.

ಮೂರನೆಯದು, ಮೇವು. ಮೇ ತಿಂಗಳಿನ ಗಾಳಿಮಳೆಗೆ ನೆನೆಯುವುದು ಮಳೆಗಾಲಕ್ಕೆಂದು ಕೂಡಿಟ್ಟ ಬೈಹುಲ್ಲು. ಕುತ್ತರಿಗೆ ಪ್ಲಾಸ್ಟಿಕ್ ಹೊದಿಸಿ ಹಗ್ಗ ಬಿಗಿಯಿರಿ. ಪಶು ಆಹಾರದ ಚೀಲಗಳನ್ನು ಹಲಗೆಯ ಮೇಲೆ ಎತ್ತರದಲ್ಲಿಡಿ. ಬೂಸ್ಟು ಹಿಡಿದ ಹುಲ್ಲು, ಹಿಂಡಿ ಕೊಡಬೇಡಿ. ಅದರ ವಿಷ ಹಸುವಿಗೂ ಕೆಡುಕು, ಹಾಲಿನಲ್ಲೂ ಇಳಿಯುತ್ತದೆ.

ನಾಲ್ಕನೆಯದು, ರೋಗ. ನೆರೆಯ ನಂತರ ಗಳಲೆ ರೋಗ, ಚಪ್ಪೆ ರೋಗ ಕಾಣಿಸಿಕೊಳ್ಳಬಹುದು. ಲಸಿಕೆ ಹಾಕಿದ ಮರುದಿನವೇ ರಕ್ಷಣೆ ಸಿಗದು, ಎರಡು ಮೂರು ವಾರ ಬೇಕು. ಆದ್ದರಿಂದ ಮಳೆಗಾಲಕ್ಕೆ ಮೊದಲೇ ಹಾಕಿಸಿ. ನೆರೆ ನೀರನ್ನು ದನಗಳಿಗೆ ಕುಡಿಸಬೇಡಿ. ಇಲಿಜ್ವರ ಮನುಷ್ಯರಿಗೂ ಬರುವ ರೋಗ. ಕಾಲಿನಲ್ಲಿ ಗಾಯವಿದ್ದವರು ಕೆಸರು ನೀರಿಗೆ ಬರಿಗಾಲಲ್ಲಿ ಇಳಿಯಬಾರದು.

ಐದನೆಯದು, ತುಂಡಾಗಿ ಬಿದ್ದ ವಿದ್ಯುತ್ ತಂತಿ. ಒದ್ದೆ ನೆಲದಲ್ಲಿ ದನದ ಮುಂಗಾಲಿಗೂ ಹಿಂಗಾಲಿಗೂ ಇರುವ ಅಂತರದಿಂದಾಗಿ ಮನುಷ್ಯರಿಗಿಂತ ಬೇಗ ಅದಕ್ಕೆ ಆಘಾತವಾಗುತ್ತದೆ. ಬಿದ್ದ ದನವನ್ನು ಎತ್ತಲು ಓಡಬೇಡಿ. ಮೊದಲು ಲೈನಿನವರಿಗೆ ಹೇಳಿ ವಿದ್ಯುತ್ ನಿಲ್ಲಿಸಿ.

ಇನ್ನು ಹಾಲು. ರಸ್ತೆ ಮುಚ್ಚಿ ಹಾಲಿನ ವಾಹನ ಬಾರದಿದ್ದರೂ ಕರೆಯುವುದನ್ನು ನಿಲ್ಲಿಸಬೇಡಿ. ಕೆಚ್ಚಲು ಬಾವು ಬಂದರೆ ಒಂದು ದಿನದ ಹಾಲಲ್ಲ, ಇಡೀ ಕರಾವಿನ ಹಾಲು ಹೋಗುತ್ತದೆ. ಕಳುಹಿಸಲಾಗದ ಹಾಲನ್ನು ಮೊಸರು, ತುಪ್ಪ ಮಾಡಿ. ನಿನ್ನೆಯ ಹಾಲನ್ನು ಇಂದಿನದರೊಡನೆ ಬೆರೆಸಿ ಸಂಘಕ್ಕೆ ತಂದರೆ ಎಲ್ಲರ ಹಾಲೂ ಒಡೆಯುತ್ತದೆ. ಶೀತಲೀಕರಣ ಘಟಕವಿರುವ ಸಂಘದವರು ಜನರೇಟರನ್ನು ಎರಡು ದಿನ ಮೊದಲೇ ಓಡಿಸಿ ನೋಡಿ, ಡೀಸೆಲ್ ತುಂಬಿಸಿಡಬೇಕು.

ಕೊನೆಯದಾಗಿ ದಾಖಲೆ. ಹಸುವಿನ ಕಿವಿಯೋಲೆಯ 12 ಅಂಕೆಗಳ ಸಂಖ್ಯೆಯನ್ನು ಬರೆದಿಡಿ, ಫೋಟೋ ತೆಗೆದಿಡಿ, ವಿಮೆಯ ಕಾಗದ ಪ್ಲಾಸ್ಟಿಕ್ ಚೀಲದಲ್ಲಿರಲಿ. ದುರದೃಷ್ಟದಿಂದ ದನ ಸತ್ತರೆ ಹೂಳುವ ಮೊದಲು ಪಶುವೈದ್ಯರಿಗೆ ಹಾಗೂ ಗ್ರಾಮ ಆಡಳಿತಾಧಿಕಾರಿಗೆ ತಿಳಿಸಿ. ಮರಣೋತ್ತರ ಪರೀಕ್ಷೆಯ ವರದಿ ಇಲ್ಲದೆ ಪರಿಹಾರ ಕೇಳುವುದು ಕಷ್ಟ.

ಬಂಧುಗಳೇ, ಗಾಳಿಯನ್ನು ತಡೆಯುವ ಶಕ್ತಿ ನಮಗಿಲ್ಲ. ಆದರೆ ಒಬ್ಬರ ಹಟ್ಟಿಗೆ ಇನ್ನೊಬ್ಬರು ಓಡಿ ಹೋಗುವುದು ನಮ್ಮ ಕೈಯಲ್ಲಿದೆ. ಒಂಟಿಯಾಗಿರುವ ಅಜ್ಜಿಯ ಮನೆಯ ಹಸು, ಗಂಡಸರು ಊರಲ್ಲಿಲ್ಲದ ಮನೆಯ ಹಸು, ಇವುಗಳ ಹಗ್ಗ ಬಿಚ್ಚುವವರು ಯಾರೆಂದು ಈ ಸಭೆ ಮುಗಿಯುವ ಮೊದಲೇ ನಿಶ್ಚಯವಾಗಲಿ. ಸಹಕಾರ ಎಂಬ ಶಬ್ದಕ್ಕೆ ಅದಕ್ಕಿಂತ ದೊಡ್ಡ ಅರ್ಥ ನನಗೆ ತಿಳಿಯದು.