ನೇತ್ರವೈದ್ಯ ಗ್ರೇಫೆ
(ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ಇಲ್ಲಿ ಸೇರಿರುವ ನಾವೆಲ್ಲ ಕಣ್ಣನ್ನು ನಂಬಿ ಅನ್ನ ಉಣ್ಣುವವರು. ಲೆಕ್ಕ ಬರೆಯುವವರಿಗೂ ಕಣ್ಣು ಬೇಕು, ಯಂತ್ರದ ಮುಂದೆ ನಿಲ್ಲುವವರಿಗೂ ಕಣ್ಣು ಬೇಕು. ಆದರೂ ಹಲ್ಲುನೋವಿಗೆ ಓಡುವಷ್ಟು ಅವಸರದಿಂದ ನಾವು ಕಣ್ಣಿಗಾಗಿ ದವಾಖಾನೆಗೆ ಓಡುವುದಿಲ್ಲ. ಅದಕ್ಕೆ ತೆರಬೇಕಾದ ಬೆಲೆ ಏನೆಂಬುದನ್ನು ಕಳೆದ ವರ್ಷ ನಮ್ಮ ನಡುವೆಯೇ ಕಂಡೆವು.

ನಮ್ಮ ಹಿರಿಯ ಸದಸ್ಯರೊಬ್ಬರು ಬಟ್ಟೆ ಅಂಗಡಿಯಲ್ಲಿ ಗುಮಾಸ್ತರು. ಸಂಜೆಯಾದರೆ ದೀಪದ ಸುತ್ತ ಕಾಮನಬಿಲ್ಲಿನಂಥ ಬಳೆ ಕಾಣುತ್ತದೆ, ಹುಬ್ಬಿನ ಮೇಲೆ ನೋಯುತ್ತದೆ ಎನ್ನುತ್ತಿದ್ದರು. ಮಲಗಿ ಎದ್ದರೆ ಸರಿಹೋಗುತ್ತಿತ್ತು. “ವಯಸ್ಸಾಯಿತು ರಾಯರೆ, ಕನ್ನಡಕ ಬದಲಿಸಿ” ಎಂದು ನಾವೇ ನಕ್ಕೆವು. ಒಂದು ರಾತ್ರಿ ಬಲಗಣ್ಣು ಕೆಂಡದಂತಾಗಿ, ತಲೆ ಸಿಡಿದು, ವಾಂತಿಯಾಯಿತು. ಪಿತ್ತವಿರಬೇಕೆಂದು ಜೀರಿಗೆ ಕಷಾಯ ಕುಡಿದು ಮೂರು ದಿನ ಖೋಲಿಯಲ್ಲೇ ಮಲಗಿದರು. ದವಾಖಾನೆ ಮುಟ್ಟುವಷ್ಟರಲ್ಲಿ ಬಲಗಣ್ಣು ಹೋಗಿತ್ತು. ಎಡಗಣ್ಣಿಗೆ ಲೇಸರ್ ಬೆಳಕಿನಿಂದ ಒಂದು ಸಣ್ಣ ರಂಧ್ರ ಮಾಡಿ ಅದನ್ನು ಕಾಪಾಡಿದರು. ರೋಗದ ಹೆಸರು ಗ್ಲಾಕೋಮ. ಮರಾಠಿಯವರು ಕಾಚಬಿಂದು ಎನ್ನುತ್ತಾರೆ. ಆ ಸಣ್ಣ ರಂಧ್ರದ ಹಿಂದೆ ಇರುವ ಮಹನೀಯರ ಕಥೆಯನ್ನೇ ಇಂದು ಹೇಳಬೇಕೆಂದಿದ್ದೇವೆ.

ಆಲ್ಬ್ರೆಕ್ಟ್ ಫಾನ್ ಗ್ರೇಫೆ 1828ರ ಮೇ 22ರಂದು ಬರ್ಲಿನಿನಲ್ಲಿ ಹುಟ್ಟಿದರು. ತಂದೆ ಹೆಸರಾಂತ ಶಸ್ತ್ರವೈದ್ಯರು. ಮಗನಿಗೆ ಹನ್ನೆರಡು ವರ್ಷವಾದಾಗ ತೀರಿಕೊಂಡರು. ಹುಡುಗ ಹತ್ತೊಂಬತ್ತಕ್ಕೇ ವೈದ್ಯ ಪದವಿ ಪಡೆದ. ಮುಂದೆ ಪ್ರಾಗ್, ಪ್ಯಾರಿಸ್, ವಿಯೆನ್ನಾ, ಲಂಡನ್ ಸುತ್ತಿ ದೊಡ್ಡ ವೈದ್ಯರ ಬಳಿ ಕಣ್ಣಿನ ವಿದ್ಯೆ ಕಲಿತು ಊರಿಗೆ ಮರಳಿದರು. ಬರ್ಲಿನಿನಲ್ಲಿ ತಮ್ಮದೇ ಕಣ್ಣಿನ ಆಸ್ಪತ್ರೆ ತೆರೆದು, ಬಡವರಿಗೆ ಹಣ ಕೇಳದೆ ಚಿಕಿತ್ಸೆ ಮಾಡಿದರು. ಹಣವಂತರೂ ಬಂದರು, ದೂರ ದೇಶಗಳಿಂದ ಶಿಷ್ಯರೂ ಬಂದರು.

ಅದೇ ಕಾಲಕ್ಕೆ, 1851ರಲ್ಲಿ, ಹೆಲ್ಮ್‌ಹೋಲ್ಟ್ಸ್ ಎಂಬ ವಿಜ್ಞಾನಿ ಕಣ್ಣಿನ ಒಳಗನ್ನು ನೋಡುವ ಕನ್ನಡಿಯ ಉಪಕರಣವನ್ನು ಜಗತ್ತಿಗೆ ತಿಳಿಸಿದರು. ಅದಕ್ಕೆ ಮುಂಚೆ ಬದುಕಿರುವ ಮನುಷ್ಯನ ಕಣ್ಣಿನ ಒಳಭಾಗ ವೈದ್ಯರಿಗೆ ಬರಿಯ ಕತ್ತಲೆ. ಗ್ರೇಫೆ ಅದನ್ನು ಹಿಡಿದು ಸಾಲುಸಾಲಾಗಿ ರೋಗಿಗಳನ್ನು ನೋಡಿದರು. ಗ್ಲಾಕೋಮದಲ್ಲಿ ದೃಷ್ಟಿನರದ ತುದಿ ಉಬ್ಬಿರುತ್ತದೆಂದು ಮೊದಲು ಬರೆದರು. ಅದು ತಪ್ಪು. ಉಬ್ಬಲ್ಲ, ಗುಳಿ ಬಿದ್ದಿರುತ್ತದೆ ಎಂದು ತಿಳಿದ ಕೂಡಲೆ ತಾವೇ ತಿದ್ದಿ ಪ್ರಕಟಿಸಿದರು. ಇಪ್ಪತ್ತೇಳರ ವಯಸ್ಸಿನಲ್ಲಿ, ಹೆಸರು ಬೆಳೆಯುತ್ತಿರುವಾಗ, “ನಾನು ತಪ್ಪಿದೆ” ಎನ್ನುವುದು ಸುಲಭವಲ್ಲ.

ಆಗ ಗ್ಲಾಕೋಮ ಬಂತೆಂದರೆ ಕಣ್ಣು ಹೋಯಿತೆಂದೇ ಲೆಕ್ಕ. ಪಾಪೆಯ ಸುತ್ತಲಿನ ಬಣ್ಣದ ಪರದೆಯಲ್ಲಿ ಒಂದು ತುಣುಕು ಕತ್ತರಿಸಿದರೆ ಕಲ್ಲಿನಂತಿರುವ ಕಣ್ಣುಗುಡ್ಡೆ ಮೆತ್ತಗಾಗುವುದನ್ನು ಗ್ರೇಫೆ ಬೇರೆ ಬೇನೆಗಳಲ್ಲಿ ಗಮನಿಸಿದ್ದರು. ಅದನ್ನೇ ಗ್ಲಾಕೋಮಕ್ಕೆ ಪ್ರಯೋಗಿಸಿ 1857ರಲ್ಲಿ ಫಲವನ್ನು ಪ್ರಕಟಿಸಿದರು. ಬೇನೆ ಹಠಾತ್ತಾಗಿ ಏರಿದವರು ಬೇಗ ಬಂದರೆ ಕಣ್ಣು ಉಳಿಯಿತು. ತಡವಾಗಿ ಬಂದವರಿಗೆ ಫಲ ಸಿಗಲಿಲ್ಲ. ಪರದೆಯ ಹಿಂದೆ ತಡೆದು ನಿಂತ ನೀರಿಗೆ ಆ ರಂಧ್ರ ದಾರಿ ಕೊಡುತ್ತದೆ ಎಂಬ ಕಾರಣವನ್ನು ನಂತರದವರು ಸ್ಪಷ್ಟಪಡಿಸಿದರು. ಇಂದು ಕತ್ತಿಯ ಬದಲು ಲೇಸರ್ ಬಂದಿದೆ, ಉಪಾಯ ಹೆಚ್ಚುಕಡಿಮೆ ಅದೇ.

ಕಣ್ಣಿನ ಪೊರೆ ತೆಗೆಯುವುದಕ್ಕೂ ಅವರು ಕಿರಿದಾದ ಕತ್ತಿಯೊಂದನ್ನು ರೂಪಿಸಿದರು. ಗಾಯ ಚಿಕ್ಕದಾಗಿ, ಕೀವಾಗಿ ಕಣ್ಣು ಕೆಡುವುದು ಕಡಿಮೆಯಾಯಿತು. ಕಣ್ಣನ್ನು ಮರಗಟ್ಟಿಸುವ ಹನಿಮದ್ದು ಆಗ ಇರಲಿಲ್ಲವೆಂಬುದನ್ನು ನೆನೆಯಬೇಕು. ಅದು ಬಂದದ್ದು 1884ರಲ್ಲಿ. ಅದನ್ನು ಮೊದಲು ಸಾರಿದ್ದು ಹೈಡೆಲ್‌ಬರ್ಗಿನಲ್ಲಿ, ಗ್ರೇಫೆ ಸ್ಥಾಪಿಸಿದ ನೇತ್ರವೈದ್ಯರ ಸಂಘದ ಸಭೆಯಲ್ಲೇ! ಆ ಹೊತ್ತಿಗೆ ಅವರು ಇರಲಿಲ್ಲ.

ಇಷ್ಟು ಜನರ ಕಣ್ಣು ಕಾಯ್ದವರ ಎದೆಯನ್ನು ಕ್ಷಯ ತಿನ್ನುತ್ತಿತ್ತು. 1861ರಿಂದ ಮೈ ಸೋತರೂ ಕೆಲಸ ಬಿಡಲಿಲ್ಲ. 1870ರ ಜುಲೈ 19ರಂದು ಫ್ರಾನ್ಸ್ ಪ್ರಷ್ಯದ ಮೇಲೆ ಯುದ್ಧ ಸಾರಿತು. ಮರುದಿನ ಗ್ರೇಫೆ ಕಣ್ಣು ಮುಚ್ಚಿದರು. ವಯಸ್ಸು 42. ಬರ್ಲಿನಿನ ಶಾರಿಟೆ ಆಸ್ಪತ್ರೆಯ ಬಳಿ 1882ರಲ್ಲಿ ನಿಲ್ಲಿಸಿದ ಅವರ ಪ್ರತಿಮೆ ಇಂದಿಗೂ ಇದೆ.

ಬಂಧುಗಳೆ, ಪ್ರತಿಮೆಗೆ ಹಾರ ಹಾಕಲು ನಾವು ಬರ್ಲಿನಿಗೆ ಹೋಗಲಾರೆವು. ಅವರ ಮಾತನ್ನು ನಡೆಸಿದರೆ ಸಾಕು: ಕಣ್ಣಿಗೆ ತಡ ಸಲ್ಲದು. ಗ್ಲಾಕೋಮದಲ್ಲಿ ಎರಡು ಬಗೆ. ಒಂದು ನಮ್ಮ ರಾಯರಿಗಾದಂತೆ ಕೂಗಿ ಬರುವುದು. ಇನ್ನೊಂದು ನೋವಿಲ್ಲದೆ ಪಕ್ಕದ ನೋಟವನ್ನು ವರ್ಷಗಟ್ಟಲೆ ಮೆಲ್ಲನೆ ಕದಿಯುವುದು. ಯಾವುದೇ ಇರಲಿ, ಹೋದ ದೃಷ್ಟಿ ಮರಳದು, ಉಳಿದದ್ದನ್ನು ಕಾಯಬಹುದು. ಆದ್ದರಿಂದ ನಲವತ್ತು ದಾಟಿದವರು, ಮನೆತನದಲ್ಲಿ ಈ ಬೇನೆ ಇರುವವರು, ಕನ್ನಡಕದ ನಂಬರು ನೋಡಿಸಿ ಸುಮ್ಮನಾಗದೆ ಕಣ್ಣಿನ ಒತ್ತಡವನ್ನೂ ದೃಷ್ಟಿನರವನ್ನೂ ಪರೀಕ್ಷೆ ಮಾಡಿಸಬೇಕು.

ಪಾಪೆ ಹಿಗ್ಗಿಸುವ ಹನಿ ಹಾಕಿದರೆ ಕೆಲವು ಗಂಟೆ ಕಣ್ಣು ಮಂಜಾಗುತ್ತದೆ. ಒಬ್ಬರೇ ರೈಲು ಹತ್ತುವುದು ಕಷ್ಟ. ಊರಿನವರು ಹತ್ತಿರವಿಲ್ಲದವರು ಸಂಕೋಚಪಡದೆ ಇಲ್ಲಿನ ಮೇಜಿನ ಮೇಲಿರುವ ವಹಿಯಲ್ಲಿ ಹೆಸರು ಬರೆಯಿರಿ. ನಮ್ಮಲ್ಲೊಬ್ಬರು ಜೊತೆಗೆ ಬರುತ್ತೇವೆ. ಅಂದು ರಾಯರ ಮಾತಿಗೆ ನಕ್ಕವರು ನಾವು, ಇಷ್ಟಾದರೂ ಮಾಡಬೇಡವೆ?