ಸ್ಫೋಟದ ಸೊಕ್ಕು ಮುರಿಯುವ ನೀರು



ನಾನು ಅಚ್ಚುಕೂಟದವನು, ವಿಜ್ಞಾನಿಯಲ್ಲ. ಆದರೂ ಈ ಮಾತು ನಿಮಗೆ ತಿಳಿದಿರಲಿ.

1906ರ ಮಾರ್ಚ್ 10ರಂದು ಫ್ರಾನ್ಸಿನ ಕೂರಿಯೇರ್ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟವಾಗಿ 1099 ಜನ ಸತ್ತರು. ಬಯಲಲ್ಲಾದರೆ ಸ್ಫೋಟದ ಒತ್ತಡ ನಾಲ್ಕು ದಿಕ್ಕಿಗೆ ಹರಡಿ ಕುಗ್ಗುತ್ತದೆ. ಸುರಂಗದಲ್ಲಿ ಅದಕ್ಕೆ ದಾರಿಯೆಲ್ಲಿ? ಗೋಡೆಗೆ ಬಡಿದು ಮರಳುತ್ತದೆ. ನೆಲದ ಕಲ್ಲಿದ್ದಲ ಪುಡಿ ಮೇಲೆದ್ದು ಹೊತ್ತಿಕೊಳ್ಳುತ್ತದೆ. ಬೆಂಕಿ ಮುಂದೆ ಮುಂದೆ ಓಡುತ್ತದೆ.

ಇದನ್ನು ತಡೆಯಲು ಗಣಿಗಳಲ್ಲಿ ಸುರಂಗದ ಸೂರಿನಡಿ ನೀರಿನ ತೊಟ್ಟಿಗಳನ್ನು ಸಾಲಾಗಿ ಇಡುತ್ತಾರೆ. ಬೆಂಕಿಗಿಂತ ಮೊದಲು ಒತ್ತಡದ ಅಲೆ ಬರುತ್ತದೆ. ಅದೇ ತೊಟ್ಟಿಗಳನ್ನು ಒಡೆದು, ಉರುಳಿಸಿ, ನೀರನ್ನು ಹನಿಹನಿಯಾಗಿ ಚದುರಿಸುತ್ತದೆ. ಕಳ್ಳನ ಕೈಯಲ್ಲೇ ಬಾಗಿಲು ಹಾಕಿಸಿದಂತೆ! ಕುದಿಯುವ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 540 ಕ್ಯಾಲೊರಿ ಶಾಖ ನುಂಗುತ್ತದೆ. ಬಿಸಿ ಅನಿಲ ತಣ್ಣಗಾಗುತ್ತದೆ, ಒತ್ತಡ ಇಳಿಯುತ್ತದೆ, ಬೆಂಕಿ ಅಲ್ಲೇ ಸಾಯುತ್ತದೆ.

ಸ್ಫೋಟದ ಮಗ್ಗುಲಲ್ಲೇ ಇದ್ದವನನ್ನು ಇದು ಉಳಿಸದು. ತೊಟ್ಟಿಗಳ ಆಚೆ ಇರುವವರನ್ನು ಉಳಿಸಬಲ್ಲದು. ಅದೂ ತೊಟ್ಟಿಯಲ್ಲಿ ನೀರಿದ್ದರೆ ಮಾತ್ರ. ಇಟ್ಟ ನೀರು ಆರುತ್ತದೆ. ‘ಎಚ್ಚರಿಕೆ’ ಎಂದು ನಾನು ಎಷ್ಟು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಕೊಟ್ಟರೇನು? ಖಾಲಿ ತೊಟ್ಟಿ ಯಾರ ಜೀವವನ್ನೂ ಕಾಯದು. ತುಂಬಿದೆಯೇ ಎಂದು ಕೇಳುವುದು ಕಾರ್ಮಿಕನ ಹಕ್ಕು. ಕೇಳಬೇಕು, ಗಟ್ಟಿಯಾಗಿ ಕೇಳಬೇಕು!